ಹುಲ್ಲು, ಹುರುಳಿ, ಹಿಂಡಿ: ನಾಲ್ಕು ತಾಲ್ಲೂಕುಗಳ ಮೇವಿನ ಚರಿತ್ರೆ

ಸಂಕ್ರಾಂತಿಯ ಆಸುಪಾಸಿನಲ್ಲಿ ನಾಗಮಂಗಲದಿಂದ ಪಾಂಡವಪುರದ ಕಡೆಗೆ ಬಸ್ಸಿನಲ್ಲಿ ಬರುವವರು ಕಿಟಕಿಯಾಚೆಯ ಹುಲ್ಲಿನ ಮೆದೆಗಳನ್ನು ಗಮನಿಸಬೇಕು. ನಾಗಮಂಗಲದ ಬೆದ್ದಲು ಸೀಮೆಯಲ್ಲಿ ಮೆದೆಯ ಬಣ್ಣ ಕಂದು. ಅದು ರಾಗಿ ಹುಲ್ಲು. ನಾಲೆ ಬಯಲಿಗೆ ಇಳಿಯುತ್ತಿದ್ದಂತೆ ಮೆದೆ ಹೊಂಬಣ್ಣಕ್ಕೆ ತಿರುಗುತ್ತದೆ. ಅದು ಭತ್ತದ ಹುಲ್ಲು. ಕೆಲವು ಮನೆಗಳ ಮುಂದೆ ಮೆದೆಯೇ ಇರುವುದಿಲ್ಲ, ಕಬ್ಬಿನ ಸೋಗೆಯ ಹೊರೆ ಮಾತ್ರ ಬಿದ್ದಿರುತ್ತದೆ. ಈ ಬಣ್ಣದ ವ್ಯತ್ಯಾಸದ ಹಿಂದೆ ಒಂದು ಚರಿತ್ರೆಯಿದೆ. ಪಠ್ಯಪುಸ್ತಕಗಳು ರಾಜರ ಕಥೆ ಹೇಳುತ್ತವೆ. ಅವರ ಫಿರಂಗಿಗಳನ್ನು ಎಳೆದ ಎತ್ತುಗಳು ಏನು ತಿಂದವು ಎಂದು ಹೇಳುವುದು ಕಡಿಮೆ.

ಆ ಎತ್ತುಗಳ ಕಥೆ ಶ್ರೀರಂಗಪಟ್ಟಣದ ಅರಮನೆಯಿಂದ ಆರಂಭವಾಗುತ್ತದೆ. ಚಿಕ್ಕದೇವರಾಜ ಒಡೆಯರು (1673–1704) ದನಗಳ ಪಾಲನೆಗೆಂದು 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನು ನಡೆಸಿದರು. ಟಿಪ್ಪು ಸುಲ್ತಾನ್ ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟನು. ಹೈದರ್ ಮತ್ತು ಟಿಪ್ಪುವಿನ ಸೈನ್ಯಗಳು ಶತ್ರುಗಳನ್ನು ಬೆರಗುಗೊಳಿಸುವ ವೇಗದಲ್ಲಿ ಸಾಗಿದ್ದಕ್ಕೆ ಈ ಎತ್ತುಗಳೇ ಮುಖ್ಯ ಕಾರಣ. ಅವುಗಳಿಗೆಂದು ರಾಜ್ಯದಾದ್ಯಂತ ಹುಲ್ಲುಗಾವಲುಗಳಿದ್ದವು. ಇವೇ 'ಕಾವಲು'ಗಳು. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳನ್ನು ಗೊತ್ತುಪಡಿಸಿ ಮಂದೆಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರಿಗೂ ಈ ತಳಿ ಬೇಕಾಯಿತು. 1860ರಲ್ಲಿ ಖರ್ಚು ಉಳಿಸಲೆಂದು ಇಲಾಖೆಯನ್ನು ಮುಚ್ಚಿದವರು 1866ರಲ್ಲಿ ಅದನ್ನು ಮತ್ತೆ ತೆರೆಯಬೇಕಾಯಿತು.

ಕಾವಲು ಅರಸರದು, ರೈತನ ಕೊಟ್ಟಿಗೆಯ ಮೇವು ಹೊಲದ್ದು. ಇಲ್ಲಿನ ಹಳ್ಳಿಕಾರ್ ಜೋಡಿಗಳು ಬೆಳೆದದ್ದು ರಾಗಿ ಹುಲ್ಲು ಮತ್ತು ಹುರುಳಿಯ ಮೇಲೆ. ರಾಗಿ ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಜೋಳ, ಹುಚ್ಚೆಳ್ಳು ಬೆಳೆಯುತ್ತಿದ್ದರು. ಹುಚ್ಚೆಳ್ಳು ಊರ ಗಾಣಕ್ಕೆ ಹೋಗಿ ಎಣ್ಣೆ ಅಡುಗೆಮನೆಗೂ ಹಿಂಡಿ ಕೊಟ್ಟಿಗೆಗೂ ಬರುತ್ತಿತ್ತು. ಗಾಣ ತಿರುಗಿಸುತ್ತಿದ್ದುದೂ ಎತ್ತೇ! ಹುರುಳಿಯನ್ನು ನೆನೆಸಿ, ಇಲ್ಲವೇ ಬೇಯಿಸಿ ಕೊಡುವುದು ಬರಿಯ ರೂಢಿಯಲ್ಲ. ಹುರುಳಿಯಲ್ಲಿ ಸುಮಾರು ಶೇ. 22ರಷ್ಟು ಪ್ರೋಟೀನ್ ಇದೆ, ಜೊತೆಗೆ ಜೀರ್ಣಕ್ರಿಯೆಗೆ ಅಡ್ಡಿಮಾಡುವ ಒಂದು ಅಂಶವೂ ಇದೆ. ಬೇಯಿಸಿದರೆ ಆ ಅಂಶ ನಾಶವಾಗುತ್ತದೆ, ಗಟ್ಟಿ ಸಿಪ್ಪೆಯೂ ಮೆತ್ತಗಾಗುತ್ತದೆ. ರಾಗಿ ಹುಲ್ಲಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಭತ್ತದ ಹುಲ್ಲಿನಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಕೆ.ಆರ್. ಪೇಟೆಯ ಹೇಮಗಿರಿ ಜಾತ್ರೆಯಲ್ಲೋ ಪಾಂಡವಪುರದ ಬೇಬಿ ಬೆಟ್ಟದ ಜಾತ್ರೆಯಲ್ಲೋ ಎತ್ತಿನ ಮೈ ಸವರಿ ಬೆಲೆ ಕಟ್ಟುವವರು ವಾಸ್ತವವಾಗಿ ಅದು ತಿಂದ ಮೇವಿಗೆ ಬೆಲೆ ಕಟ್ಟುತ್ತಾರೆ.

ಈ ಏರ್ಪಾಡನ್ನು ಅಲುಗಿಸಿದ್ದು ನೀರು. ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆಗಳು ಮೊದಲೇ ಇದ್ದವು, ಕೆ.ಆರ್. ಪೇಟೆಯ ಕೆಲವು ಊರುಗಳಿಗೆ ಮಂದಗೆರೆ ಅಣೆಯಿಂದ ಹೇಮಾವತಿ ನೀರು ಹರಿಯುತ್ತಿತ್ತು. ಆದರೆ ದೊಡ್ಡ ಬದಲಾವಣೆ ಬಂದದ್ದು 1911ರಲ್ಲಿ ಕಟ್ಟಲು ತೊಡಗಿದ ಕನ್ನಂಬಾಡಿ ಅಣೆಕಟ್ಟೆಯಿಂದ. ಇಂದು ವಿಶ್ವೇಶ್ವರಯ್ಯ ನಾಲೆ ಎನಿಸಿಕೊಂಡಿರುವ ಇರ್ವಿನ್ ನಾಲೆ 1930ರ ದಶಕದ ಆರಂಭದಲ್ಲಿ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ರಾಗಿ ಹೊಲಗಳು ಗದ್ದೆಗಳಾದವು, ಕಬ್ಬಿನ ತೋಟಗಳಾದವು. ಜನರ ಕೈಗೆ ಹಣ ಬಂತು. ದನದ ಬಾಯಿಗೆ ಬಂದದ್ದು ಮಾತ್ರ ಭತ್ತದ ಹುಲ್ಲು ಮತ್ತು ಸೋಗೆ.

ಇವುಗಳಿಂದ ಹೊಟ್ಟೆ ತುಂಬುತ್ತದೆ, ನಿಜ. ಆದರೆ ಭತ್ತದ ಹುಲ್ಲಿನಲ್ಲಿರುವ ಸಿಲಿಕಾ ಜೀರ್ಣವಾಗುವುದಿಲ್ಲ. ಅದರಲ್ಲೂ ಸೋಗೆಯಲ್ಲೂ ಇರುವ ಆಕ್ಸಲೇಟ್ ಎಂಬ ವಸ್ತು ಮೇವಿನ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಸಗಣಿಯೊಡನೆ ಹೊರಹಾಕುತ್ತದೆ. ಗದ್ದೆಯ ಇನ್ನೊಂದು ಕೊಡುಗೆಯಾದ ಅಕ್ಕಿ ತೌಡಿನಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ಅತ್ಯಲ್ಪ. ಮೇಲಾಗಿ ಬೇಗ ಮುಗ್ಗುತ್ತದೆ. 1960ರ ದಶಕದ ಕೊನೆಗೆ ಐ.ಆರ್.8, ಜಯಾ ಮುಂತಾದ ಗಿಡ್ಡ ತಳಿಗಳು ಬಂದಾಗ ಕಾಳು ಹೆಚ್ಚಿತು, ಹುಲ್ಲು ಮೋಟಾಯಿತು. ಸಕ್ಕರೆ ಕಾರ್ಖಾನೆಯ ಕಾಕಂಬಿ ಒಳ್ಳೆಯ ಪಶು ಆಹಾರವೇ, ಆದರೆ ಅದರ ಮೇಲೆ ಮೊದಲ ಹಕ್ಕು ಹೆಂಡದ ಬಟ್ಟಿಯದಾಯಿತು!

ಇದೇ ಹೊತ್ತಿಗೆ ಕೊಟ್ಟಿಗೆಯ ಪ್ರಾಣಿಯೂ ಬದಲಾಯಿತು. ಎತ್ತಿನ ಜಾಗಕ್ಕೆ ಮಿಶ್ರತಳಿಯ ಹಸು ಬಂತು. 1987ರಲ್ಲಿ ಮಂಡ್ಯ ಜಿಲ್ಲಾ ಹಾಲು ಒಕ್ಕೂಟ ರಚನೆಯಾದ ಮೇಲೆ ಬೆಳಿಗ್ಗೆ ಸಂಜೆ ಡೈರಿಗೆ ಕ್ಯಾನು ಹೊರುವುದು ಊರೂರಿನ ದಿನಚರಿಯಾಯಿತು. ಲೆಕ್ಕ ಮಾಡಿ ನೋಡಿ: ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇದೆ. ಹತ್ತು ಲೀಟರ್ ಕರೆಯುವ ಹಸುವಿನ ಮೈಯಿಂದ ದಿನಕ್ಕೆ 12 ಗ್ರಾಂ ಹೊರಹೋಗುತ್ತದೆ. ಮೇವಿನಿಂದ ಅಷ್ಟು ದಕ್ಕದಿದ್ದರೆ ಹಸು ತನ್ನ ಮೂಳೆಯಿಂದಲೇ ಕೊಡಬೇಕು. ಕರು ಹಾಕಿದ ಹೊಸತರಲ್ಲಿ ಹಸು ನೆಲಹಿಡಿದು, ವೈದ್ಯರು ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟೊಡನೆ ಎದ್ದು ನಿಲ್ಲುವುದನ್ನು ಹಳ್ಳಿಯ ಹುಡುಗರು ನೋಡಿಯೇ ಇರುತ್ತೀರಿ.

ಹೊಲ ಕೊಡುತ್ತಿದ್ದುದನ್ನು ಹೀಗೆ ಅಂಗಡಿಯಿಂದ ತರುವ ಕಾಲ ಬಂತು: ಚೀಲದ ಪಶು ಆಹಾರ, ಖನಿಜ ಮಿಶ್ರಣದ ಪುಡಿ. 1995ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯು ಯಾವ ಪ್ರದೇಶದ ಮೇವಿನಲ್ಲಿ ಯಾವ ಖನಿಜದ ಕೊರತೆಯಿದೆ ಎಂದು ನೋಡಿ ಅದಕ್ಕೆ ತಕ್ಕ ಮಿಶ್ರಣಗಳನ್ನು ರೂಪಿಸಿತು. ಭತ್ತದ ಹುಲ್ಲನ್ನು ಸುಧಾರಿಸುವ ದಾರಿಯೂ ಇದೆ. ನೂರು ಕಿಲೋ ಹುಲ್ಲಿಗೆ ನಾಲ್ಕು ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಡಬೇಕು. ಯೂರಿಯಾವನ್ನು ಹಾಗೆಯೇ ತಿನ್ನಿಸಿದರೆ ಮಾತ್ರ ಅದು ವಿಷ.

ಚಿತ್ರೀಕರಣಕ್ಕೆಂದು ಒಂದು ಬೇಸಿಗೆಯಲ್ಲಿ ಶ್ರೀರಂಗಪಟ್ಟಣದ ಬಳಿ ನಿಂತಿದ್ದಾಗ, ಮನೆಯೆತ್ತರ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರೊಂದು ನಾಲೆಯ ಏರಿಯ ಮೇಲೆ ವಾಲಾಡುತ್ತಾ ಬಂತು. ಸುತ್ತ ಎಲ್ಲೆಲ್ಲೂ ಭತ್ತದ ಗದ್ದೆ. ಹೇರಿನ ಬಣ್ಣ ಮಾತ್ರ ಕಂದು. ಎಲ್ಲಿಂದ ಎಂದು ಕೇಳಿದರೆ ಚಾಲಕ ನಾಗಮಂಗಲದ ದಿಕ್ಕಿಗೆ ಕೈ ತೋರಿಸಿದ.