ಹೆಣ್ಣುವೇಷದ ನಗೆ

ಗಂಡಸು ಸೀರೆಯುಟ್ಟು ಬಂದರೆ ಜನ ಯಾವುದಕ್ಕೆ ನಗುತ್ತಾರೆ? ಎಲ್ಲ ಕಾಲಕ್ಕೂ ಒಂದೇ ಉತ್ತರವಿಲ್ಲ. ರಾಜೂರ, ಗಜೇಂದ್ರಗಡ, ರೋಣದ ಸೀಮೆಯಲ್ಲಿ ದೊಡ್ಡಾಟ ನೋಡಿ ಬೆಳೆದವರಿಗೆ ಹೆಣ್ಣುವೇಷ ಸೋಜಿಗವಾಗಿರಲಿಲ್ಲ. ದ್ರೌಪದಿಯಾಗಿ ಬಂದವನು ಹಗಲೆಲ್ಲ ಹೊಲದಲ್ಲಿ ಕುಂಟೆ ಹೊಡೆದವನೆಂದು ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಅವಳು ದ್ರೌಪದಿಯೇ. ನಗೆ ಹುಟ್ಟುತ್ತಿದ್ದುದು ಸಾರಥಿಯ ಮಾತಿನಲ್ಲಿ. ಶ್ರೀಕೃಷ್ಣ ಪಾರಿಜಾತದಲ್ಲಿ ಗೊಲ್ಲತಿಯು ಕೃಷ್ಣನೊಡನೆ ವಾದಕ್ಕಿಳಿದಾಗ ಜನ ನಕ್ಕದ್ದು ಅವಳ ಜಾಣ್ಮೆಗೆ, ಸೀರೆಯೊಳಗಿನ ಗಂಡಿಗಲ್ಲ.

ಶಾಂತಕವಿಗಳು 1877ರಲ್ಲಿ ಗದಗಿನಲ್ಲಿ ಕಟ್ಟಿದ ಕೃತಪುರ ನಾಟಕ ಮಂಡಳಿಯಿಂದ ಮೊದಲುಗೊಂಡು ಕಂಪನಿ ನಾಟಕಗಳೂ ಈ ರೂಢಿಯನ್ನು ಮುಂದುವರಿಸಿದವು. ಬಸವೇಶ್ವರನ ಪಾತ್ರದಿಂದ ನಾಡಿಗೆ ಪರಿಚಿತರಾದ ಏಣಗಿ ಬಾಳಪ್ಪನವರು ತಾರುಣ್ಯದಲ್ಲಿ ಹೆಣ್ಣುಪಾತ್ರಗಳನ್ನು ವಹಿಸಿದವರು. ಮರಾಠಿ ರಂಗದ ಬಾಲಗಂಧರ್ವರ ಉಡುಗೆ ತೊಡುಗೆಗಳನ್ನಂತೂ ಮನೆತನಸ್ಥ ಹೆಂಗಸರೇ ಅನುಕರಿಸಿದರು. ಆ ಕಾಲವನ್ನು ಬರಿದೇ ಹೊಗಳುವಂತೆಯೂ ಇಲ್ಲ. ರಂಗವೇರಿದ ಹೆಣ್ಣನ್ನು ಮರ್ಯಾದಸ್ಥಳೆಂದು ಸಮಾಜ ಒಪ್ಪದಿದ್ದುದರಿಂದಲೇ ಆ ಪಾತ್ರಗಳು ಗಂಡಸರ ಪಾಲಿಗೆ ಬಂದವು.

ಬೆಂಗಳೂರು ದೂರದರ್ಶನ 1981ರಲ್ಲಿ ಆರಂಭವಾಯಿತು. ಮುಂದೆ ಖಾಸಗಿ ವಾಹಿನಿಗಳು ಬಂದವು. 2016ರಲ್ಲಿ ಮೊದಲಾದ 'ಕಾಮಿಡಿ ಕಿಲಾಡಿಗಳು' ಮುಂತಾದ ನಗೆಸ್ಪರ್ಧೆಗಳಲ್ಲಿ ಗಂಡಸಿನ ಹೆಣ್ಣುವೇಷ ಮತ್ತೆ ಕಾಣಿಸಿಕೊಂಡಿತು. ಆದರೆ ಬಹುಮಟ್ಟಿಗೆ ಇಲ್ಲಿ ಪಾತ್ರವೇ ಇಲ್ಲ, ವೇಷವೇ ವಿನೋದ. ದಪ್ಪ ದನಿ, ಬಳುಕಿಸಿದ ಸೊಂಟ, ಒಡನೆಯೇ ತೀರ್ಪುಗಾರರ ನಗೆ. ನಟರಲ್ಲಿ ಪ್ರತಿಭೆಯಿಲ್ಲವೆಂದಲ್ಲ, ಅದಕ್ಕೆ ಕೊಟ್ಟ ಕೆಲಸ ಸಣ್ಣದು.

ಪಶ್ಚಿಮದಲ್ಲಿ ಇಂಥ ಅತಿರೇಕದ ಒನಪಿನ ವಿನೋದಕ್ಕೆ 'ಕ್ಯಾಂಪ್' ಎನ್ನುತ್ತಾರೆ. ಸೂಸನ್ ಸೊಂಟಾಗ್ 1964ರಲ್ಲಿ ಅದನ್ನು ಕುರಿತು ಪ್ರಸಿದ್ಧ ಪ್ರಬಂಧವೊಂದನ್ನು ಬರೆದರು. ಅದನ್ನು ಬೆಳೆಸಿದವರಲ್ಲಿ ಸಲಿಂಗಪ್ರೇಮಿಗಳೇ ಮುಖ್ಯರು. ಲೋಕದ ತಿರಸ್ಕಾರವನ್ನು ಅವರೇ ಆಟವಾಗಿ ತಿರುಗಿಸಿಕೊಂಡರು. ನಮ್ಮ ಕಿರುತೆರೆಯಲ್ಲಿ ನಗುವವರು ಒಬ್ಬರು, ನಗೆಗೀಡಾಗುವವರು ಇನ್ನೊಬ್ಬರು. ಸವದತ್ತಿಯ ಎಲ್ಲಮ್ಮನಿಗೆ ಒಪ್ಪಿಸಿಕೊಂಡು ಸೀರೆಯುಟ್ಟು ಬಾಳುವ ಜೋಗಪ್ಪನಿಗೆ ಅದು ವೇಷವಲ್ಲ. ಸಂತೆಯಲ್ಲಿ ಹುಡುಗರು ಅವನ ಹಿಂದೆ ಬಿದ್ದು ಅದೇ ಬಳುಕನ್ನು ಅಣಕಿಸಿದರೆ, ಆ ಪಾಠ ಎಲ್ಲಿಯದೆಂದು ಬೇರೆ ಹುಡುಕಬೇಕಿಲ್ಲ. ತೃತೀಯ ಲಿಂಗಿಗಳ ಹಕ್ಕನ್ನು ಸುಪ್ರೀಂ ಕೋರ್ಟು ಮನ್ನಿಸಿದ್ದು 2014ರಲ್ಲಿ. ನಗೆಯ ರೂಢಿ ತೀರ್ಪಿನಷ್ಟು ಬೇಗ ಬದಲಾಗುವುದಿಲ್ಲ.

2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದ ಮಂಜಮ್ಮ ಜೋಗತಿಯವರು 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಹೋದರು. ರಾಮನಾಥ ಕೋವಿಂದರ ಎದುರು ನಿಂತು, ಸೆರಗು ಹಿಡಿದು ಅವರ ದೃಷ್ಟಿ ತೆಗೆದರು. ಸಭೆ ಚಪ್ಪಾಳೆ ತಟ್ಟಿತು. ಅದನ್ನೂ ನಾವು ನೋಡಿದ್ದು ಇದೇ ಟೆಲಿವಿಜನ್ನಿನಲ್ಲಿ.