ರಕ್ತ ಹೋಯಿತು, ಸುದ್ದಿ ಬರಲಿಲ್ಲ

ಮಲೇರಿಯಾ ಕೆಲಸದವರು ಬಂದುಹೋದ ತಾರೀಖನ್ನು ಮನೆಯ ಗೋಡೆಯ ಮೇಲೇ ಬರೆದುಹೋಗುವ ಕಾಲವೊಂದಿತ್ತು. ಚಿಕ್ಕಮಗಳೂರು ಜಿಲ್ಲೆಯ ಅತ್ತಿಗುಂಡಿ ಸುತ್ತಿನ ಎಸ್ಟೇಟ್ ಕೂಲಿ ಲೈನುಗಳಲ್ಲಿ ಹಾಗೆ ಬರೆದವರಲ್ಲಿ ನಾನೂ ಒಬ್ಬ. ಜ್ವರ ಅಂದವರ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿ, ಕ್ಲೋರೋಕ್ವಿನ್ ಮಾತ್ರೆ ಕೊಟ್ಟು ಮುಂದಿನ ಮನೆಗೆ ಹೋಗುವುದು. ರೋಗಾಣು ಸಿಕ್ಕರೆ ಮಾತ್ರ ಮತ್ತೆ ಆ ಬಾಗಿಲಿಗೆ. "ಎಂತ ಡಾಕ್ಟ್ರೇ, ರಕ್ತ ತಗೊಂಡ್ ಹೋಗ್ತೀರಿ, ಆಮೇಲೆ ಸುದ್ದೀನೇ ಇಲ್ಲ" ಎಂದು ಲೈನಿನ ಹೆಂಗಸರು ಕೇಳಿದ್ದುಂಟು. ಮಲೆನಾಡಿನಲ್ಲಿ ಈ ಪ್ರಶ್ನೆಗೆ ನನ್ನ ನೌಕರಿಗಿಂತ ಹೆಚ್ಚು ವಯಸ್ಸಾಗಿದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಿನ ಹಳ್ಳಿಗರು ಜ್ವರದಿಂದ ಮಲಗಿದರು. ರಾಕ್‌ಫೆಲರ್ ಫೌಂಡೇಷನ್ ನೆರವಿನಿಂದ 1952ರಲ್ಲಿ ಶುರುವಾಗಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮೊದಲು ಹಳದಿ ಜ್ವರದ ಗುಮಾನಿ. ಆಮೇಲೆ ನೋಡಿದರೆ ರಷ್ಯಾದ ಉಣುಗು ಜ್ವರಗಳ ನೆಂಟ. ಅಷ್ಟು ದೂರದಿಂದ ಇಲ್ಲಿಗೆ ಹೇಗೆ ಬಂತು? ವಲಸೆ ಹಕ್ಕಿಗಳ ಮೈಮೇಲಿನ ಉಣುಗು ತಂದಿರಬಹುದೇ? ಪಕ್ಷಿತಜ್ಞ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಆ ಕೆಲಸಕ್ಕೆ ಅಮೆರಿಕದ ಸೇನೆಯ ಹಣವೂ ಸೇರಿತ್ತೆಂಬುದು ಎಪ್ಪತ್ತರ ದಶಕದಲ್ಲಿ ದೊಡ್ಡ ಗದ್ದಲವಾಗಿ, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರಲ್ಲಿ ವರದಿಯನ್ನೇ ಕೊಟ್ಟಿತು. ಗದ್ದಲ ನಡೆದದ್ದು ದೆಹಲಿಗೂ ಅಮೆರಿಕಕ್ಕೂ ನಡುವೆ. ಸೊರಬದ ಸೌದೆ ಹೊರುವವನಿಗೆ ಏನು ತಿಳಿಸಬೇಕಿತ್ತು ಎಂಬುದು ಅದರ ವಿಷಯವೇ ಆಗಿರಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಹಂದಿಗೋಡು. ಸಾಗರ ತಾಲ್ಲೂಕಿನ ಆ ಊರಿನಲ್ಲಿ ಸೊಂಟ, ಮಂಡಿ ಹಿಡಿದು ನಡೆಯಲಾರದ ಕೂಲಿಯವರ ಕಥೆ ಎಪ್ಪತ್ತರ ದಶಕದ ನಡುವೆ ಹೊರಗೆ ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ಇದರ ಬಗ್ಗೆ ಬರೆದರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣ ಎಂಬ ಮಾತು ಬಹಳ ದಿನ ಓಡಿತು. 1994ರ ಪ್ರಬಂಧವೊಂದು ಇದನ್ನು ವಂಶದಲ್ಲಿ ಇಳಿದುಬರುವ ಮೂಳೆಯ ರೋಗಗಳ ಸಾಲಿಗೆ ಸೇರಿಸಿತು. ವಂಶವೃಕ್ಷ, ಎಕ್ಸ್‌ರೇ, ರಕ್ತ ಎಲ್ಲ ಆಯಿತು. ಅಂಥ ಬರಹಗಳಲ್ಲಿ ರೋಗಿಗಳ ಹೆಸರು ಇರುವುದಿಲ್ಲ, ಸರಿ. ಆದರೆ ಊರಿತ್ತು, ಜಾತಿಯೂ ಇತ್ತು. ನಾಲ್ಕು ಕೇರಿಯ ಊರಿನಲ್ಲಿ ಕೇರಿ ಗೊತ್ತಾದ ಮೇಲೆ ಹೆಸರು ಯಾಕೆ ಬೇಕು? ಏಡಿಯ ತಪ್ಪಾದರೆ ಏಡಿ ಬಿಟ್ಟರಾಯಿತು. ರಕ್ತದ ತಪ್ಪು ಎಂದಾಗ ಹೆಣ್ಣು ಕೊಡುವವರು, ತರುವವರು ಎರಡೂ ಕಡೆ ಯೋಚಿಸುತ್ತಾರೆ. ನಮ್ಮ ಜಿಲ್ಲೆಯಲ್ಲೂ ಈ ಕಾಯಿಲೆಯವರಿದ್ದಾರೆ. ಯಾವ ಊರು, ಯಾವ ಜನ ಎಂದು ನಾನು ಬರೆಯುವುದಿಲ್ಲ.

ಹಾಗೆಂದು ಮಾಹಿತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಎನ್ನುವವನೂ ನಾನಲ್ಲ. ತೊಂಬತ್ತರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್‌ಖುರ್ಮಾ ಎಂಬ ವೈರಸ್ ಸಿಕ್ಕಿತು. ಅದು ಕ್ಯಾಸನೂರಿನ ನಮ್ಮ ಮಂಗನ ಕಾಯಿಲೆಯ ತೀರ ಹತ್ತಿರದ ಬಂಧು ಎಂದು ಗೊತ್ತಾದದ್ದು ಇಲ್ಲಿಯದನ್ನು ಅಲ್ಲಿಯದರ ಪಕ್ಕದಲ್ಲಿಟ್ಟು ನೋಡಿದ್ದರಿಂದ. 

ನಿಯಮಗಳೇನೋ ಬಂದಿವೆ. ಸಂಶೋಧನೆಯ ಲಾಭ ಸಮುದಾಯಕ್ಕೂ ತಲುಪಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ. ಅದಕ್ಕೆ ಒಂದು ವರ್ಷ ಮೊದಲು, 2016ರಲ್ಲಿ, ಮನುಷ್ಯರ ರಕ್ತದ ಮಾದರಿಗಳನ್ನು ವಾಣಿಜ್ಯ ಉದ್ದೇಶಕ್ಕೆ ಹೊರದೇಶಕ್ಕೆ ಕಳಿಸಲು ಬೇಕಿದ್ದ ಅನುಮತಿಯನ್ನು ಸರ್ಕಾರವೇ ಸಡಿಲಿಸಿತ್ತು.

ಕಾಗದದ ನಿಯಮ ಲೈನಿನವರೆಗೂ ಬರಬೇಕಲ್ಲ. ಈಗ ಲೈನುಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯವರೂ ಇದ್ದಾರೆ. ಕೊಯ್ಲು ಮುಗಿದರೆ ಹೊರಟುಹೋಗುತ್ತಾರೆ. ಅವರಿಂದ ಕನ್ನಡದ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಏನು ಬಂತು? ಅವರ ಮಾತು ಬಲ್ಲ ಒಬ್ಬರನ್ನು ಲೈನಿನಿಂದಲೇ ಕರೆದು ಓದಿ ಹೇಳಿಸಬೇಕು. ಫಲಿತಾಂಶ ಬರುವ ಹೊತ್ತಿಗೆ ಅವರು ಎಲ್ಲಿರುತ್ತಾರೆ, ಯಾವ ಫೋನಿಗೆ ತಿಳಿಸಬೇಕು ಎಂಬುದನ್ನು ಸೂಜಿ ಚುಚ್ಚುವ ಮೊದಲೇ ಬರೆದುಕೊಳ್ಳಬೇಕು.