ಬಿದ್ದವರನ್ನು ಎತ್ತಿದರೆ ಕೇಸಾಗುತ್ತಾ? ಕಾನೂನು ಹೇಳೋದು ಇಷ್ಟು

‘ಯಾಕ ಬೇಕ್ರಿ ಈ ಉಸಾಬರಿ, ನಾಳೆ ಸ್ಟೇಷನ್ನು ಕೋರ್ಟು ಅಂತ ಅಲೀಬೇಕು.’ ಹಿರೇಬೆಂಡಿಗೇರಿ, ಶಿಗ್ಗಾವಿ ಕಡೆ ಅಷ್ಟೇ ಅಲ್ಲ, ಎಲ್ಲ ಕಡೆ ಇರುವ ಹೆದರಿಕೆ ಇದು. ಹಿಂದೆ ಅದು ಸುಳ್ಳೂ ಆಗಿರಲಿಲ್ಲ.

2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್, ನೆರವಾದವರನ್ನು ಕಾಯುವ ಕೇಂದ್ರದ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಆದರೂ 2017ರ ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ಬಸ್ ಹಾಯ್ದ ಯುವಕ ನೆರವಿಗೆ ಅಂಗಲಾಚುತ್ತಿದ್ದಾಗ ಸುತ್ತ ನಿಂತವರು ಮೊಬೈಲಿನಲ್ಲಿ ವಿಡಿಯೊ ಮಾಡಿದರು. ಆತ ಉಳಿಯಲಿಲ್ಲ.

ಕರ್ನಾಟಕದ ಸ್ವಂತ ಕಾಯ್ದೆ 2016ರದ್ದು, ರಾಷ್ಟ್ರಪತಿ ಅಂಕಿತ ಬಿದ್ದದ್ದು 2018ರಲ್ಲಿ. ಇಂಥ ಕಾಯ್ದೆ ತಂದ ಮೊದಲ ರಾಜ್ಯ ನಮ್ಮದೇ. 2019ರ ತಿದ್ದುಪಡಿಯಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆಗೂ 134ಎ ಕಲಂ ಸೇರಿತು. ಅದರಂತೆ, ಒಳ್ಳೆ ಮನಸ್ಸಿನಿಂದ ನೆರವಾದವರ ಮೇಲೆ, ಗಾಯಾಳು ಸತ್ತರೂ, ಸಿವಿಲ್ ಇಲ್ಲವೇ ಕ್ರಿಮಿನಲ್ ಕ್ರಮ ಇಲ್ಲ. ಹೆಸರು, ಫೋನ್ ನಂಬರು ಕೊಡಿ ಎಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ತಾವಾಗಿ ಸಾಕ್ಷಿಯಾಗಲು ಒಪ್ಪಿದರೆ ಪೊಲೀಸ್ ವಿಚಾರಣೆ ಒಂದೇ ಸಲ.

ಆದರೆ 134ಎ ಬರೀ ವಾಹನ ಅಪಘಾತಕ್ಕೆ. ಹೊಲದಲ್ಲಿ ಹಾವು ಕಚ್ಚಿದವರನ್ನೋ, ಸಂತೆಯಲ್ಲಿ ಎದೆನೋವಿನಿಂದ ಕುಸಿದವರನ್ನೋ ಬೈಕ್ ಮೇಲೆ ಒಯ್ದವರಿಗೆ ಆಸರೆ ರಾಜ್ಯದ ಕಾಯ್ದೆ; ಅದು ಉಳಿದ ತುರ್ತು ಸಂದರ್ಭಗಳಿಗೂ ಅನ್ವಯಿಸುತ್ತದೆ. ಹಳ್ಳಿಗೆ ಹೆಚ್ಚು ಬೇಕಾದ್ದು ಇದೇ. ಪ್ರಚಾರ ಮಾತ್ರ ಹೆದ್ದಾರಿಯ ಬೋರ್ಡುಗಳಲ್ಲೇ ನಿಂತಿದೆ.

ಮೊದಲು 108ಕ್ಕೆ ಫೋನು ಹಚ್ಚಿ. ಕುತ್ತಿಗೆ, ಬೆನ್ನಿಗೆ ಪೆಟ್ಟಾದ ಅನುಮಾನವಿದ್ದರೆ ಎಳೆದಾಡಬೇಡಿ. ರಕ್ತ ಹರಿಯುತ್ತಿದ್ದರೆ ಶುಚಿಯಾದ ಬಟ್ಟೆ ಒತ್ತಿ ಹಿಡಿಯಿರಿ.